ಬ್ಯಾಟರಿ ಪಿಕಪ್ಪು ತೋಟದ ದಾರಿ ಹತ್ತುತ್ತದೆಯೇ?



ಮಂಗಳೂರು ಪೇಟೆಗೆ ಹೋಗಿ ಬಂದವರೆಲ್ಲ ಈಗ ಒಂದೇ ಸುದ್ದಿ ತರುತ್ತಾರೆ. ಹಂಪನಕಟ್ಟೆಯಲ್ಲಿ, ಬಂದರಿನ ಓಣಿಗಳಲ್ಲಿ, ಬೈಕಂಪಾಡಿಯ ಕಡೆ ಸದ್ದಿಲ್ಲದೆ ಓಡುವ ಸಾಮಾನಿನ ಗಾಡಿಗಳು ಬಂದಿವೆ. ಡೀಸೆಲ್ ಬೇಡ, ಹೊಗೆ ಇಲ್ಲ, ರಾತ್ರಿ ಕರೆಂಟಿಗೆ ಸಿಕ್ಕಿಸಿದರೆ ಬೆಳಿಗ್ಗೆ ಓಡುತ್ತದೆ, ಕಿಲೋಮೀಟರಿಗೆ ಒಂದು ರೂಪಾಯಿ ಖರ್ಚು ಎಂದು. ಹಾಗೆ ಹೇಳಿದವರು ಸುಳ್ಳು ಹೇಳಿದ್ದಲ್ಲ. ಪೇಟೆಯ ಡಾಮರು ರಸ್ತೆಯಲ್ಲಿ ಗ್ಯಾಸ್ ಸಿಲಿಂಡರ್, ಹಾಲಿನ ಕ್ರೇಟು, ಪಾರ್ಸೆಲ್ಲು ಹೊತ್ತು ಓಡುವವನಿಗೆ ಅದು ಸರಿಯಾದ ಲೆಕ್ಕವೇ. ಆದರೆ ನಮ್ಮ ಪ್ರಶ್ನೆ ಪೇಟೆಯದಲ್ಲ. ಡಾಮರು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮುಂದೆ ಮುಕ್ಕಾಲು ಮೈಲಿ ಮುರಕಲ್ಲಿನ ಚಡಾವು, ಒಂದು ತೋಡು, ಅದರಾಚೆ ಜೇಡಿಮಣ್ಣಿನ ಇಳಿಜಾರು, ಕೊನೆಗೆ ನಮ್ಮ ಅಂಗಳ. ಈ ದಾರಿಯಲ್ಲಿ, ಆಟಿ ತಿಂಗಳ ಮಳೆಯಲ್ಲಿ, ಹಿಂದೆ ಮೈಲುತುತ್ತಿನ ಮೂಟೆ, ಸುಣ್ಣ ಮತ್ತು ಔಷಧಿ ಬಿಡುವ ಡ್ರಮ್ಮು ಹೇರಿಕೊಂಡು ಈ ಗಾಡಿ ಬರುತ್ತದೆಯೇ? ಬಂದರೆ ಅದರ ಸಾಲ ತೀರುತ್ತದೆಯೇ? ಈ ಎರಡು ಪ್ರಶ್ನೆಗೆ ಉತ್ತರ ಸಿಗದೆ ಯಾರೂ ಸಹಿ ಹಾಕಬಾರದು.

ಮಂಗಳೂರಿನ ಒಂದು ಷೋರೂಮಿಗೆ ನಾನೂ ಹೋಗಿದ್ದೆ. ಹೆಸರು ಬೇಡ. ಅಲ್ಲಿದ್ದ ಹುಡುಗ ಒಳ್ಳೆಯವನು, ಕುರ್ಚಿ ಕೊಟ್ಟ, ಚಾ ತರಿಸಿದ. ಬ್ಯಾಟರಿ ಎಷ್ಟು, ವಾರಂಟಿ ಎಷ್ಟು, ಕಂತು ಎಷ್ಟು ಎಂದು ಬಾಯಿಪಾಠ ಒಪ್ಪಿಸಿದ. "ತೋಡು ದಾಟಲಿಕ್ಕೆ ಆಗ್ತದಾ? ಕೆಸರಲ್ಲಿ ಒಂದು ಚಕ್ರ ಹೂತರೆ ಇನ್ನೊಂದು ಎಳೀತದಾ?" ಎಂದು ಕೇಳಿದೆ. ಅವನು ಕಾಗದ ಮಗುಚಿ ಹಾಕಿ, "ಅಂಥಾ ಕಂಪ್ಲೇಂಟ್ ಇದುವರೆಗೆ ಬಂದಿಲ್ಲ ಸಾರ್" ಅಂದ. ಹೇಗೆ ಬರಬೇಕು ಮಾರಾಯ್ರೇ? ತೋಡು ದಾಟುವವನಿಗೆ ಇನ್ನೂ ಗಾಡಿ ಮಾರಿಯೇ ಇಲ್ಲವಲ್ಲ.

ಹಾಗಾಗಿ ನಾವೇ ಲೆಕ್ಕ ಹಾಕಬೇಕಾಗಿದೆ. ಮೊದಲು ಯಂತ್ರದ ಗುಣ.

ಡೀಸೆಲ್ ಇಂಜಿನಿಗೆ ಒಂದು ಜನ್ಮದೋಷ ಉಂಟು. ಅದು ತಿರುಗಲು ಶುರುವಾಗಿ ಒಂದು ವೇಗಕ್ಕೆ ಬಂದ ಮೇಲೆಯೇ ಅದರ ಎಳೆತ ಪೂರ್ತಿ ಸಿಗುವುದು. ಚಡಾವಿನ ಮಧ್ಯೆ ಹೇರು ತುಂಬಿದ ಗಾಡಿ ನಿಂತರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಅರ್ಧ ಕ್ಲಚ್ಚು, ಹ್ಯಾಂಡ್ ಬ್ರೇಕು, ಹಿಂದೆ ಕಲ್ಲು ಇಡಲು ಒಬ್ಬ, ಆಮೇಲೆ ಕ್ಲಚ್ ಪ್ಲೇಟು ಸುಟ್ಟ ವಾಸನೆ. ವಿದ್ಯುತ್ ಮೋಟಾರು ಹಾಗಲ್ಲ. ನಿಂತಲ್ಲಿಂದಲೇ, ಸೊನ್ನೆ ವೇಗದಿಂದಲೇ ಪೂರಾ ಎಳೆತ ಕೊಡುತ್ತದೆ. ಕ್ಲಚ್ಚೇ ಇಲ್ಲ, ಗೇರು ಬದಲಿಸುವ ಗಲಾಟೆ ಇಲ್ಲ. ಆಮೆ ನಡೆದ ಹಾಗೆ ನಿಧಾನವಾಗಿ, ಆಫ್ ಆಗುವ ಭಯವಿಲ್ಲದೆ ಹತ್ತಿಸಬಹುದು. ಒರಟು ದಾರಿಯಲ್ಲಿ ಗಾಡಿ ಬಿಟ್ಟವನಿಗೆ ಇದರ ಬೆಲೆ ಗೊತ್ತಾಗುತ್ತದೆ. ಮುರಕಲ್ಲಿನ ಮೆಟ್ಟಿಲು ಮೆಟ್ಟಿಲಾದ ದಾರಿಯಲ್ಲಿ ವೇಗದಿಂದ ಹೊಡೆದವನ ಪಟ್ಟಿ ಮುರಿಯುತ್ತದೆ, ನಿಧಾನ ಹೋದವನ ಗಾಡಿ ಉಳಿಯುತ್ತದೆ.

ನೀರಿನ ವಿಷಯದಲ್ಲೂ ಇದೇ. ಡೀಸೆಲ್ ಗಾಡಿ ತೋಡಿನಲ್ಲಿ ಸಾಯುವುದು ಗಾಳಿ ಎಳೆಯುವ ಬಾಯಿಗೆ ನೀರು ಹೋದಾಗ. ಬ್ಯಾಟರಿ ಗಾಡಿಗೆ ಅಂಥ ಬಾಯಿಯೇ ಇಲ್ಲ. ಬ್ಯಾಟರಿ ಪೆಟ್ಟಿಗೆಗಳ ಮೇಲೆ ಐಪಿ 67 ಎಂದು ಬರೆದಿರುತ್ತಾರೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗಬಾರದು ಎಂಬುದು ಅದರ ಅರ್ಥ. ಆದರೆ ಇದು ಹೊಸ ಪೆಟ್ಟಿಗೆಯ ಪರೀಕ್ಷೆ. ಐದು ವರ್ಷ ಅಡಿಗೆ ಕಲ್ಲು ಬಡಿಸಿಕೊಂಡು, ವಯರಿನ ಜೋಡಣೆಗೆ ಕೆಸರು ಮೆತ್ತಿಕೊಂಡ ಪೆಟ್ಟಿಗೆಗೆ ಯಾರೂ ಈ ಪರೀಕ್ಷೆ ಮಾಡಿ ಕೊಡುವುದಿಲ್ಲ. ಬ್ಯಾಟರಿ ಇರುವುದು ಗಾಡಿಯ ಹೊಟ್ಟೆಯಲ್ಲಿ, ನಮ್ಮ ದಾರಿಯ ಕಲ್ಲು ಏಳುವುದೂ ಅಲ್ಲಿಗೇ. ಡೀಸೆಲ್ ಟ್ಯಾಂಕಿಗೆ ಕಲ್ಲು ಬಡಿದರೆ ಸಾಬೂನು ಮೆತ್ತಿ ಮನೆಗೆ ಬರುತ್ತೇವೆ. ಬ್ಯಾಟರಿ ಪೆಟ್ಟಿಗೆ ನಗ್ಗಿದರೆ ಸಾಬೂನಿನಿಂದ ಆಗುವ ಕೆಲಸ ಅಲ್ಲ.

ಇನ್ನು ಕೆಸರು. ಇಲ್ಲಿ ಜಾಹೀರಾತಿನ ಬಣ್ಣ ಬಿಡುತ್ತದೆ. ಗಾಡಿಯ ಹಿಂದಿನ ಎರಡು ಚಕ್ರದ ನಡುವೆ ಡಿಫರೆನ್ಷಿಯಲ್ ಎಂಬ ಗುಂಡು ಉಂಟಲ್ಲ, ಅದರ ಸ್ವಭಾವ ಎಂದರೆ ಯಾವ ಚಕ್ರ ಸಲೀಸಾಗಿ ತಿರುಗುತ್ತದೋ ಅದಕ್ಕೇ ತಿರುಗಲು ಬಿಡುವುದು. ಒಂದು ಚಕ್ರ ಕೆಸರಿನಲ್ಲಿ ಗಿರಗಿರ ತಿರುಗುತ್ತದೆ, ಗಟ್ಟಿ ನೆಲದಲ್ಲಿರುವ ಇನ್ನೊಂದು ಚಕ್ರ ಸುಮ್ಮನೆ ನೋಡುತ್ತಾ ನಿಲ್ಲುತ್ತದೆ. ಮೋಟಾರು ವಿದ್ಯುತ್ತಿನದಾದ ಮಾತ್ರಕ್ಕೆ ಈ ಗುಂಡು ಬದಲಾಗುವುದಿಲ್ಲ. ಬದಲಿಗೆ ಸೊನ್ನೆಯಿಂದಲೇ ಪೂರಾ ಎಳೆತ ಬರುವ ಕಾರಣ, ಕಾಲು ಸ್ವಲ್ಪ ಜೋರಾಗಿ ಒತ್ತಿದರೂ ಚಕ್ರ ಒಮ್ಮೆಲೇ ಜಾರಿ ಗುಂಡಿ ತೋಡುತ್ತದೆ. ಅದಕ್ಕೆ ಮದ್ದು ಎರಡು. ಒಂದು, ಜಾರುವ ಚಕ್ರವನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ. ಇನ್ನೊಂದು, ನಾಲ್ಕೂ ಚಕ್ರಕ್ಕೆ ಎಳೆತ ಕೊಡುವುದು. ನಮ್ಮ ಘಟ್ಟದ ಬುಡದ ಊರುಗಳಲ್ಲಿ ಹಳೆಯ ಜೀಪು ಇವತ್ತಿಗೂ ಯಾಕೆ ಮಾರಾಟವಾಗದೆ ಉಳಿದಿದೆ ಎಂದರೆ ಇದೇ ಕಾರಣ. ನಾಲ್ಕು ಚಕ್ರದ ಎಳೆತ ಹಾಕಿ, ಬೇಕಾದರೆ ಟಯರಿಗೆ ಸರಪಳಿ ಬಿಗಿದು, ಬೇರೆ ಯಾವುದೂ ಹೋಗದ ಕಡೆ ಅದು ಹೋಗುತ್ತದೆ.

ವಿದ್ಯುತ್ತಿನಲ್ಲಿ ಇದು ಆಗುವುದಿಲ್ಲವೇ? ಆಗುತ್ತದೆ, ಡೀಸೆಲ್ಲಿಗಿಂತ ಚೆನ್ನಾಗಿ ಆಗುತ್ತದೆ. ಅಮೆರಿಕದ ರಿವಿಯನ್ ಕಂಪನಿ 2021ರಲ್ಲಿ ಮಾರಲು ಶುರು ಮಾಡಿದ ಪಿಕಪ್ಪಿನಲ್ಲಿ ಚಕ್ರಕ್ಕೆ ಒಂದರಂತೆ ನಾಲ್ಕು ಮೋಟಾರು. ಯಾವ ಚಕ್ರಕ್ಕೆ ಎಷ್ಟು ಎಳೆತ ಎಂಬುದನ್ನು ಕ್ಷಣಕ್ಷಣಕ್ಕೂ ಯಂತ್ರವೇ ಅಳೆದು ಕೊಡುತ್ತದೆ. ಬಂಡೆ, ಮರಳು, ಮೂರಡಿ ನೀರು ಯಾವುದಕ್ಕೂ ಅದು ಹೆದರುವುದಿಲ್ಲ. ಆದರೆ ಅದರ ತೂಕವೇ ಮೂರು ಟನ್ನಿಗೆ ಮೇಲೆ. ನಮ್ಮ ತೋಡಿನ ಸಂಕಕ್ಕೆ ಅದು ಬಂದರೆ ಸಂಕವೂ ಗಾಡಿಯೂ ಒಟ್ಟಿಗೆ ಕೆಳಗೆ. ಫೋರ್ಡ್ ಕಂಪನಿ 2022ರಲ್ಲಿ ತಂದ ಬ್ಯಾಟರಿ ಪಿಕಪ್ಪು ಹಿಂದೆ ಭಾರದ ಟ್ರೈಲರ್ ಕಟ್ಟಿದರೆ ಅರ್ಧ ದಾರಿಗೆ ಉಸಿರು ಬಿಡುತ್ತದೆ ಎಂದು ಅಲ್ಲಿನವರೇ ಓಡಿಸಿ ನೋಡಿ ಹೇಳಿದರು. 2025ರ ಡಿಸೆಂಬರಿನಲ್ಲಿ ಕಂಪನಿ ಆ ಪೂರ್ತಿ ಬ್ಯಾಟರಿಯ ಪಿಕಪ್ಪನ್ನು ನಿಲ್ಲಿಸುವುದಾಗಿ ಸಾರಿತು. ಅಷ್ಟು ದೊಡ್ಡ ದೇಶದ, ಅಷ್ಟು ಹಣವಿರುವ ರೈತನೂ ಹೇರು ಎಳೆಯುವ ಕೆಲಸಕ್ಕೆ ಅದನ್ನು ಸಾಕಷ್ಟು ಕೊಳ್ಳಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ನಮಗೆ ಹತ್ತಿರದ ಉದಾಹರಣೆ ಥೈಲ್ಯಾಂಡ್. ಮಳೆ, ಕೆಸರು, ಭತ್ತ, ರಬ್ಬರು ಎಲ್ಲ ನಮ್ಮ ಹಾಗೆಯೇ ಇರುವ ದೇಶ. ಅಲ್ಲಿ 2025ರ ನವೆಂಬರಿನಲ್ಲಿ ಟೊಯೋಟ ಕಂಪನಿ ತನ್ನ ಹೈಲಕ್ಸ್ ಪಿಕಪ್ಪಿನ ಬ್ಯಾಟರಿ ರೂಪವನ್ನು ಹೊರತಂದಿತು. ಮುಂದೆ ಒಂದು ಮೋಟಾರು, ಹಿಂದೆ ಒಂದು. ನಾಲ್ಕೂ ಚಕ್ರ ಎಳೆಯುತ್ತವೆ. ನೀರು ದಾಟುವ ಆಳ ಡೀಸೆಲ್ ಹೈಲಕ್ಸಿನಷ್ಟೇ ಇರಬೇಕು ಎಂದು ಹಟ ಹಿಡಿದು ಮಾಡಿದ್ದಾರೆ.

ನಮ್ಮ ದೇಶದಲ್ಲಿ ಏನಾಗಿದೆ ನೋಡಿ. ಟಾಟಾ ಕಂಪನಿ 2025ರ ಜೂನಿನಲ್ಲಿ ಹ್ಯಾರಿಯರ್ ಎಂಬ ಕಾರಿಗೆ ಬ್ಯಾಟರಿ ಹಾಕಿ, ಎರಡು ಮೋಟಾರು ಕೊಟ್ಟು, ನಾಲ್ಕು ಚಕ್ರದ ಎಳೆತ ಮಾಡಿ, ಕೇರಳದ ವಾಗಮಣ್ಣಿನ ಬಂಡೆ ಹತ್ತಿಸಿ ಜಾಹೀರಾತು ಮಾಡಿತು. ಒಳ್ಳೆಯದೇ. ನಮ್ಮ ಇಂಜಿನಿಯರುಗಳಿಗೆ ಇದು ಬರುತ್ತದೆ ಎಂದಾಯಿತು. ಅದೇ ತಿಂಗಳು ಅದೇ ಕಂಪನಿ ಏಸ್ ಪ್ರೊ ಎಂಬ ಸಣ್ಣ ಸಾಮಾನಿನ ಗಾಡಿಯನ್ನೂ ತಂದಿತು. 2005ರಲ್ಲಿ ಬಂದ, ನಾವೆಲ್ಲ ಛೋಟಾ ಹಾಥಿ ಎಂದು ಕರೆಯುವ ಗಾಡಿಯ ತಮ್ಮ ಅದು. ಅದರಲ್ಲಿ ಬ್ಯಾಟರಿಯದ್ದೂ ಉಂಟು. 750 ಕಿಲೋ ಹೇರು, 14.4 ಯೂನಿಟ್ಟಿನ ಬ್ಯಾಟರಿ. ಆದರೆ ನಾಲ್ಕು ಚಕ್ರದ ಎಳೆತ ಇಲ್ಲ. ಭಾನುವಾರ ಗುಡ್ಡ ನೋಡಲು ಹೋಗುವವನ ಕಾರಿಗೆ ನಾಲ್ಕು ಚಕ್ರದ ಎಳೆತ ಬೇಕು, ವರ್ಷಪೂರ್ತಿ ಗುಡ್ಡದಲ್ಲೇ ಬದುಕುವವನ ಪಿಕಪ್ಪಿಗೆ ಬೇಡ! ಯಾರ ಹಣ ನೋಡಿ ಯಾರಿಗಾಗಿ ಯಂತ್ರ ಮಾಡುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಘಟ್ಟದ ಲೆಕ್ಕ. 2022ರ ಮೇ ತಿಂಗಳಲ್ಲಿ ಬಂದ ಏಸ್ ಇವಿ ಎಂಬ ಗಾಡಿಗೆ 21.3 ಯೂನಿಟ್ಟಿನ ಬ್ಯಾಟರಿ, ಒಂದು ಸಲ ತುಂಬಿಸಿದರೆ 154 ಕಿಲೋಮೀಟರ್ ಎಂದು ಸರ್ಟಿಫಿಕೇಟು. 22 ಪರ್ಸೆಂಟ್ ಚಡಾವು ಹತ್ತುತ್ತದೆ ಎಂದು ಹೇಳಿಕೆ. ಅಂದರೆ ನೂರು ಅಡಿ ಮುಂದೆ ಹೋಗುವಾಗ 22 ಅಡಿ ಮೇಲೇರುವ ದಾರಿ. ಶಿರಾಡಿ, ಚಾರ್ಮಾಡಿ, ಸಂಪಾಜೆ ಘಾಟಿಗಳಿಗೆ ಇದು ಧಾರಾಳ ಸಾಕು. ಆದರೆ ಆ ಸಂಖ್ಯೆ ಒಣ, ಗಟ್ಟಿ ರಸ್ತೆಯದು. 154 ಕಿಲೋಮೀಟರೂ ಹಾಗೆಯೇ. ಅಂಥ ಸರ್ಟಿಫಿಕೇಟನ್ನು ಕೊಡುವುದು ಪ್ರಯೋಗಾಲಯದ ರೋಲರಿನ ಮೇಲೆ ಚಕ್ರ ತಿರುಗಿಸಿ ನೋಡಿ. ರೋಲರಿಗೆ ಮಳೆ ಬರುವುದಿಲ್ಲ.

ಮಂಗಳೂರು ಇರುವುದು ಸಮುದ್ರ ಮಟ್ಟದಲ್ಲಿ. ಘಾಟಿಯ ತಲೆಗೆ ಹೋಗಬೇಕಾದರೆ ಸುಮಾರು 800 ಮೀಟರ್ ಎತ್ತರ ಏರಬೇಕು ಎಂದು ಹಿಡಿಯೋಣ. ಗಾಡಿ ಮತ್ತು ಹೇರು ಸೇರಿ ಎರಡು ಟನ್ನು. ಶಾಲೆಯಲ್ಲಿ ಕಲಿತ ಲೆಕ್ಕವನ್ನೇ ಹಾಕಿದರೆ, ಈ ಭಾರವನ್ನು ಆ ಎತ್ತರಕ್ಕೆ ಎತ್ತಲು ಮಾತ್ರವೇ ಸುಮಾರು 4.4 ಯೂನಿಟ್ಟು ಬೇಕು. ಯಂತ್ರದ ನಷ್ಟ ಸೇರಿದರೆ ಐದೂವರೆಗೆ ಬರುತ್ತದೆ. ಅಂದರೆ 21.3 ಯೂನಿಟ್ಟಿನ ಕಾಲು ಭಾಗ ಬರೀ ಏರುವುದಕ್ಕೇ ಹೋಯಿತು. ದಾರಿ ಓಡುವ ಖರ್ಚು ಬೇರೆ. 14.4 ಯೂನಿಟ್ಟಿನ ಗಾಡಿಯಾದರೆ ಮೂರನೇ ಒಂದು ಭಾಗಕ್ಕೂ ಜಾಸ್ತಿ.

ಇಳಿಯುವಾಗ ಮೋಟಾರೇ ಡೈನಮೋ ಆಗಿ ಒಂದಿಷ್ಟು ಯೂನಿಟ್ಟು ಹಿಂದಕ್ಕೆ ಬರುತ್ತದೆ. ಡೀಸೆಲ್ ಗಾಡಿಯಲ್ಲಿ ಇದು ಆಗದ ಕೆಲಸ. ಘಾಟಿ ಇಳಿಯುವಾಗ ಬ್ರೇಕು ಕಾಯುವುದೂ ಕಡಿಮೆ. ಚಾರ್ಮಾಡಿಯಲ್ಲಿ ಬ್ರೇಕು ಸುಟ್ಟ ವಾಸನೆ ಕುಡಿದವರಿಗೆ ಇದು ಸಣ್ಣ ಉಪಕಾರ ಅಲ್ಲ. ಆದರೆ ಎರಡು ಮಾತು ನೆನಪಿಡಿ. ಘಟ್ಟದ ಮೇಲೆ ಬ್ಯಾಟರಿಯನ್ನು ಕಂಠಮಟ್ಟ ತುಂಬಿಸಿ ಇಳಿಯಲು ಶುರು ಮಾಡಬೇಡಿ. ತುಂಬಿದ ಕೊಡಕ್ಕೆ ಇನ್ನೂ ನೀರು ಹಿಡಿಯುವುದಿಲ್ಲ, ಆಗ ಮೋಟಾರಿನ ತಡೆ ಸಿಗದೆ ಪೂರಾ ಭಾರ ಬ್ರೇಕಿನ ಮೇಲೆಯೇ ಬೀಳುತ್ತದೆ. ಇನ್ನೊಂದು, ಪಾಚಿ ಕಟ್ಟಿದ ತೋಟದ ಇಳಿಜಾರಿನಲ್ಲಿ ಕಾಲು ತೆಗೆದ ಕೂಡಲೇ ಈ ಮೋಟಾರು ಹಿಂದಿನ ಚಕ್ರವನ್ನು ಮಾತ್ರ ಹಿಡಿಯುತ್ತದೆ. ಖಾಲಿ ಗಾಡಿಯ ಹಿಂಭಾಗ ಹಗುರ. ಚಕ್ರ ಜಾರಿ ಗಾಡಿ ಅಡ್ಡ ತಿರುಗಬಹುದು. ಆ ಹಿಡಿತವನ್ನು ಕಡಿಮೆ ಮಾಡಿಟ್ಟುಕೊಳ್ಳುವ ಗುಂಡಿ ಉಂಟೇ ಎಂದು ಕೊಳ್ಳುವ ಮೊದಲು ಕೇಳಿ.

ಬೆಳ್ತಂಗಡಿ ಕಡೆಯ ರೈತನೊಬ್ಬ ಮಂಗಳೂರಿಗೆ ಅಡಿಕೆ ತಂದು ಹಿಂದೆ ಹೋಗಬೇಕಾದರೆ ಹೋಗಿ ಬರುವ ದಾರಿ 120, 130 ಕಿಲೋಮೀಟರ್. ಸುಳ್ಯದವನಿಗೆ ಇನ್ನೂ ಹೆಚ್ಚು. ಹೇರು ಹಾಕಿ, ಏರಿಳಿತದ ದಾರಿಯಲ್ಲಿ, ರೋಲರಿನ ಮೇಲಿನ 154 ಕಿಲೋಮೀಟರ್ ಸಿಗುವುದಿಲ್ಲ. ಅಂದರೆ ಮಂಗಳೂರಿನಲ್ಲಿ ಒಂದು ಸಲ ಕರೆಂಟು ಹಾಕಲೇಬೇಕು. ಬಂದರಿನ ಮಂಡಿಯಲ್ಲಿ ಅಡಿಕೆ ಇಳಿಸಿ, ತೂಕ ನೋಡಿ, ದರ ಮಾತಾಡುವ ಎರಡು ಮೂರು ಗಂಟೆಯಲ್ಲಿ ಗಾಡಿ ಚಾರ್ಜಿಗೆ ನಿಲ್ಲುವ ಜಾಗ ಇರಬೇಕು. ಬೈಕಂಪಾಡಿಯ ಎಪಿಎಂಸಿ ಅಂಗಳ ದೊಡ್ಡದಿದೆ. 1973ರಿಂದ ಅಡಿಕೆ ಬೆಳೆಗಾರರ ಹಣದಲ್ಲೇ ಬೆಳೆದ ಕ್ಯಾಂಪ್ಕೋ ನಮ್ಮದೇ ಸಂಸ್ಥೆ, ಖರೀದಿ ಕೇಂದ್ರಗಳು ಊರೂರಿನಲ್ಲಿವೆ. ಅಡಿಕೆ ತೂಗುವಲ್ಲಿಯೇ ಒಂದೊಂದು ಚಾರ್ಜಿಂಗ್ ಕಂಬ ನೆಟ್ಟರೆ ಈ ತೊಂದರೆ ಅರ್ಧ ಕಡಿಮೆಯಾಗುತ್ತದೆ. ಮಾಲುಗಳ ಮುಂದೆ, ಹೋಟೆಲುಗಳ ಮುಂದೆ ನೆಟ್ಟರೆ ರೈತನಿಗೆ ಅದರಿಂದ ಏನೂ ಇಲ್ಲ.

ಮನೆಯಲ್ಲಿ ಚಾರ್ಜು ಮಾಡುವ ವಿಷಯ. ಹದಿನೈದು ಆಂಪಿಯರಿನ ಪ್ಲಗ್ಗಿನಲ್ಲಿ 14.4 ಯೂನಿಟ್ಟು ತುಂಬಲು ಐದಾರು ಗಂಟೆ ಬೇಕು. ವೋಲ್ಟೇಜು ಸರಿ ಇದ್ದರೆ! ಜೂನ್ ಗಾಳಿಗೆ ಮರ ಲೈನಿನ ಮೇಲೆ ಬಿದ್ದು ಎರಡು ದಿನ ಕತ್ತಲೆಯಲ್ಲಿ ಕೂರುವ ಹಳ್ಳಿ ನಮ್ಮದು. ಡೀಸೆಲ್ಲಾದರೆ ಕ್ಯಾನಿನಲ್ಲಿ ಹತ್ತು ಲೀಟರ್ ಇಟ್ಟುಕೊಳ್ಳಬಹುದು. ಕರೆಂಟನ್ನು ಯಾವ ಕ್ಯಾನಿನಲ್ಲಿ ಇಡುವುದು? ಔಷಧಿ ಬಿಡುವ ಹೊತ್ತು ಎರಡು ದಿನ ತಪ್ಪಿದರೆ ಕೊಳೆರೋಗ ಕಾಯುವುದಿಲ್ಲ.

ಗೃಹಜ್ಯೋತಿ ಇದೆಯಲ್ಲ, ಪುಕ್ಕಟೆ ಓಡಿಸಬಹುದಲ್ಲ ಎಂದು ಕೆಲವರು ಹೇಳುವುದುಂಟು. ಲೆಕ್ಕ ತಪ್ಪು. 2023ರ ಜುಲೈಯಲ್ಲಿ ಶುರುವಾದ ಆ ಯೋಜನೆಯಲ್ಲಿ ನಿಮ್ಮ ಹಳೆಯ ಸರಾಸರಿಗೆ ಹತ್ತು ಪರ್ಸೆಂಟ್ ಸೇರಿಸಿದಷ್ಟು ಮಾತ್ರ ಉಚಿತ, 200 ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ತಿಂಗಳಿಗೆ 140 ಯೂನಿಟ್ಟು ಉರಿಸುವ ಮನೆಯವನು ಗಾಡಿಗೆ 70 ಯೂನಿಟ್ಟು ಹಾಕಿದರೆ 210 ಆಯಿತು. ಗಾಡಿಯ 70ಕ್ಕೆ ಮಾತ್ರವಲ್ಲ, ಮನೆಯ 140ಕ್ಕೂ ದುಡ್ಡು ಕಟ್ಟಬೇಕು. ಇನ್ನು ಕೆಲವರ ಕಣ್ಣು ಪಂಪುಸೆಟ್ಟಿನ ಲೈನಿನ ಮೇಲೆ. ಹತ್ತು ಎಚ್‌ಪಿವರೆಗಿನ ಪಂಪಿಗೆ ಕರೆಂಟು ಉಚಿತ ಎಂದು ಅದಕ್ಕೆ ಗಾಡಿ ಸಿಕ್ಕಿಸಬೇಡಿ. ಒಂದು ಕೆಲಸಕ್ಕೆ ಕೊಟ್ಟ ಕರೆಂಟನ್ನು ಇನ್ನೊಂದಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯಿದೆಯ 126ನೇ ಕಲಮು ಇದೆ. ಮೆಸ್ಕಾಂನವರು ಬಂದು ದಂಡದ ಲೆಕ್ಕ ಹಾಕಿದರೆ ಡೀಸೆಲ್ಲೇ ಅಗ್ಗ ಅನ್ನಿಸೀತು.

ಸರಿಯಾದ ದಾರಿ ಸೋಲಾರ್. ನಮ್ಮ ಜಿಲ್ಲೆಯಲ್ಲಿ ತೋಟಕ್ಕೆ ನೀರು ಬಿಡುವುದು ಹೆಚ್ಚೆಂದರೆ ಡಿಸೆಂಬರಿನಿಂದ ಮೇ ತನಕ. ಕುಸುಮ್ ಯೋಜನೆಯ ಸೋಲಾರ್ ಪಂಪಿನ ಹಲಗೆಗಳು ಉಳಿದ ತಿಂಗಳು ಬಿಸಿಲು ಬಂದಾಗಲೂ ಸುಮ್ಮನೆ ಕೂತಿರುತ್ತವೆ. ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿ, ಬ್ಯಾಟರಿ ಚಾರ್ಜು ಎಲ್ಲಕ್ಕೂ ಬಳಸಬಹುದಾದ ಕಂಟ್ರೋಲರಿಗೆ ಆ ಯೋಜನೆಯಲ್ಲೇ ಅವಕಾಶ ಉಂಟು. ಅದಕ್ಕೆ ಗಾಡಿಯ ಚಾರ್ಜರನ್ನೂ ಹೊಂದಿಸಿ ಕೊಡಿ ಎಂದು ನಾವು ಕೇಳಬೇಕು. ಮಳೆಗಾಲದ ಮೋಡಕ್ಕೆ ಇದು ಉತ್ತರವಲ್ಲ, ನಿಜ. ಆದರೆ ಅಕ್ಟೋಬರಿನಿಂದ ಅಡಿಕೆ ಸಾಗಿಸುವ ಕಾಲಕ್ಕೆ ಆಗುತ್ತದೆ.

ಇನ್ನು ನಿಜವಾದ ಚಡಾವಿಗೆ ಬರೋಣ. ಸಾಲದ ಚಡಾವು.

ಏಸ್ ಪ್ರೊ ಗಾಡಿ 2025ರ ಜೂನಿನಲ್ಲಿ ಬಂದಾಗ ಪೆಟ್ರೋಲಿನದಕ್ಕೆ 3.99 ಲಕ್ಷ, ಬ್ಯಾಟರಿಯದಕ್ಕೆ 6.50 ಲಕ್ಷ ಎಂದು ಬೆಲೆ ಸಾರಿದರು. ವ್ಯತ್ಯಾಸ 2 ಲಕ್ಷ 51 ಸಾವಿರ. ಆ ಮೇಲೆ ಸೆಪ್ಟೆಂಬರ್ 22ರಿಂದ ಪೆಟ್ರೋಲ್, ಡೀಸೆಲ್ ಸಾಮಾನಿನ ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಬ್ಯಾಟರಿ ಗಾಡಿಗೆ ಮೊದಲೇ 5 ಇದ್ದದ್ದು ಹಾಗೆಯೇ ಉಳಿಯಿತು. ಅಂದರೆ ಈ ಅಂತರ ಇನ್ನೂ ಅಗಲವಾಯಿತೇ ಹೊರತು ಕಿರಿದಾಗಲಿಲ್ಲ. ನಾವು ಹಳೆಯ ಅಂತರವನ್ನೇ ಹಿಡಿದು ಲೆಕ್ಕ ಹಾಕೋಣ, ಬ್ಯಾಟರಿಗೆ ಅನ್ಯಾಯವಾಗುವುದು ಬೇಡ.

ಪೆಟ್ರೋಲ್ ಗಾಡಿ ಹೇರಿನೊಂದಿಗೆ ಲೀಟರಿಗೆ 18 ಕಿಲೋಮೀಟರ್ ಎಂದು ಹಿಡಿಯಿರಿ. ಲೀಟರಿಗೆ ನೂರು ರೂಪಾಯಿ ಎಂದರೆ ಕಿಲೋಮೀಟರಿಗೆ ಐದೂವರೆ. ಬ್ಯಾಟರಿಯದು ಯೂನಿಟ್ಟಿಗೆ 7 ಕಿಲೋಮೀಟರ್, ತೆರಿಗೆ ಎಲ್ಲ ಸೇರಿ ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ಕಿಲೋಮೀಟರಿಗೆ ಒಂದು ರೂಪಾಯಿ. ಉಳಿತಾಯ ನಾಲ್ಕೂವರೆ ರೂಪಾಯಿ. ಕೇಳಲು ಸಿಹಿ. ಆದರೆ ಆ ಹೆಚ್ಚಿನ 2.51 ಲಕ್ಷವನ್ನು ನೂರಕ್ಕೆ 10ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಸಾಲ ಮಾಡಿದರೆ ತಿಂಗಳ ಕಂತು 5,333 ರೂಪಾಯಿ. ವರ್ಷಕ್ಕೆ 64 ಸಾವಿರ. ಈ 64 ಸಾವಿರವನ್ನು ನಾಲ್ಕೂವರೆ ರೂಪಾಯಿಯಂತೆ ಉಳಿಸಬೇಕಾದರೆ ಗಾಡಿ ವರ್ಷಕ್ಕೆ 14 ಸಾವಿರ ಕಿಲೋಮೀಟರ್ ಓಡಬೇಕು. ದಿನಕ್ಕೆ 39 ಕಿಲೋಮೀಟರ್, ದೀಪಾವಳಿ, ನಾಗರಪಂಚಮಿ ಒಂದೂ ಬಿಡದೆ.

ಮಂಗಳೂರಿನಲ್ಲಿ ದಿನಕ್ಕೆ 60 ಕಿಲೋಮೀಟರಿನಂತೆ 300 ದಿನ ಓಡುವವನು ವರ್ಷಕ್ಕೆ 81 ಸಾವಿರ ಉಳಿಸುತ್ತಾನೆ. ಕಂತು ಕಟ್ಟಿ ಕೈಯಲ್ಲಿ ಕಾಸು ಮಿಗುತ್ತದೆ. ಅವನು ಕೊಳ್ಳಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಮೂರು ನಾಲ್ಕು ಎಕರೆ ತೋಟದವನ ಗಾಡಿ ಓಡುವುದು ಎಷ್ಟು? ಗೊಬ್ಬರದ ಕಾಲಕ್ಕೆ ಎಂಟು ಹತ್ತು ಟ್ರಿಪ್ಪು, ಔಷಧಿ ಕಾಲಕ್ಕೆ ಒಂದಿಷ್ಟು, ಅಡಿಕೆ ಸಾಗಿಸಲು ಒಂದಿಷ್ಟು, ಸೊಸೈಟಿಗೆ, ಆಸ್ಪತ್ರೆಗೆ, ಮದುವೆಗೆ. ಬಹಳ ಓಡಿದರೆ ಆರು ಸಾವಿರ ಕಿಲೋಮೀಟರ್. ಉಳಿತಾಯ 27 ಸಾವಿರ, ಕಂತು 64 ಸಾವಿರ. ವರ್ಷಕ್ಕೆ 37 ಸಾವಿರ ರೂಪಾಯಿಯನ್ನು ಅಡಿಕೆಯ ದುಡ್ಡಿನಿಂದ ತೆಗೆದು ಬ್ಯಾಟರಿಗೆ ಹಾಕಬೇಕು. ಐದು ವರ್ಷದಲ್ಲಿ ಕಟ್ಟುವ 3 ಲಕ್ಷ 20 ಸಾವಿರ ಹಿಂದೆ ಬರಲು ಹನ್ನೆರಡು ವರ್ಷ ಬೇಕು. ಕಂಪನಿಗಳು ಬ್ಯಾಟರಿಗೆ ವಾರಂಟಿ ಬರೆದುಕೊಡುವುದು ಏಳೆಂಟು ವರ್ಷಕ್ಕೆ. ಆಮೇಲೆ ಬ್ಯಾಟರಿ ಹೋದರೆ ಇನ್ನೊಂದು ಸಾಲ.

ಇಲ್ಲಿ ಒಂದು ಮಾತನ್ನು ಸರ್ಕಾರಕ್ಕೆ ನೆನಪಿಸಬೇಕು. 2023ರ ಜುಲೈ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಗುಡ್ಡಗಾಡು ಪ್ರದೇಶದ ರೈತರು ಬೆಳೆ ಸಾಗಿಸಲು ನಾಲ್ಕು ಚಕ್ರದ ಪಿಕಪ್ ವ್ಯಾನ್ ಕೊಳ್ಳುವುದಕ್ಕೆ ನೂರಕ್ಕೆ 4ರ ಬಡ್ಡಿಯಲ್ಲಿ 7 ಲಕ್ಷದ ತನಕ ಸಾಲ ಎಂದು ಸಾರಿದರು. 6.50 ಲಕ್ಷದ ಗಾಡಿ ಈ ಮಿತಿಯೊಳಗೇ ಬರುತ್ತದೆ. ನಿಮ್ಮ ನಿಮ್ಮ ಸಹಕಾರಿ ಸಂಘದಲ್ಲಿ, ಮಂಗಳೂರಿನ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಶಾಖೆಯಲ್ಲಿ, ಈ ಸಾಲಕ್ಕೆ ಅರ್ಜಿ ಬರೆದು ಕೊಡಿ. ಬಾಯಿಮಾತಿನ ಉತ್ತರ ತೆಗೆದುಕೊಳ್ಳಬೇಡಿ, ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಹಿಂಬರಹ ಪಡೆಯಿರಿ. ಆದರೆ 4ರ ಬಡ್ಡಿಯಲ್ಲೂ ಆ ಹೆಚ್ಚಿನ 2.51 ಲಕ್ಷದ ಕಂತು ತಿಂಗಳಿಗೆ 4,600ರ ಮೇಲೆಯೇ ಬರುತ್ತದೆ. ವರ್ಷಕ್ಕೆ 12 ಸಾವಿರ ಕಿಲೋಮೀಟರ್ ಓಡಿದರೆ ಮಾತ್ರ ಸರಿದೂಗುತ್ತದೆ. ಬಡ್ಡಿ ಇಳಿಸಿದರೆ ಸಾಲದು, ಬೆಲೆಯ ಅಂತರವೇ ಇಳಿಯಬೇಕು ಎಂದಾಯಿತು.

ಬೆಲೆ ಇಳಿಸಲು ಕೇಂದ್ರ ಸರ್ಕಾರದ ಸಬ್ಸಿಡಿ ಇಲ್ಲವೇ? ಇದೆ, ನಮಗಿಲ್ಲ. 2024ರ ಅಕ್ಟೋಬರಿನಲ್ಲಿ ಬಂದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಎರಡು ಚಕ್ರಕ್ಕೆ ಇಟ್ಟರು, ಮೂರು ಚಕ್ರಕ್ಕೆ ಇಟ್ಟರು, ಬಸ್ಸಿಗೆ ಇಟ್ಟರು. ಮೂರೂವರೆ ಟನ್ನಿಗಿಂತ ಮೇಲಿನ ಲಾರಿಗಳಿಗೆ 9.6 ಲಕ್ಷದ ತನಕ ಕೊಡುವುದಾಗಿ 2025ರ ಜುಲೈಯಲ್ಲಿ ಆದೇಶವಾಯಿತು. ಸಿಮೆಂಟು, ಉಕ್ಕು ಸಾಗಿಸುವವರಿಗೆ ಒಳ್ಳೆಯದಾಯಿತು. ಮೂರೂವರೆ ಟನ್ನಿನ ಒಳಗಿನ ನಾಲ್ಕು ಚಕ್ರದ ಪಿಕಪ್ಪು, ಅಂದರೆ ಹಳ್ಳಿಯ ರೈತ ಕೊಳ್ಳಬಹುದಾದ ಒಂದೇ ಒಂದು ಜಾತಿಯ ಗಾಡಿ, ಪಟ್ಟಿಯಲ್ಲಿ ಇಲ್ಲ. ಮರೆತದ್ದೋ ಬೇಕೆಂದೇ ಬಿಟ್ಟದ್ದೋ ದೆಹಲಿಯವರೇ ಹೇಳಬೇಕು. ನಮ್ಮ ರಾಜ್ಯ ವಿದ್ಯುತ್ ವಾಹನದ ನೀತಿಯನ್ನು 2017ರಲ್ಲೇ, ದೇಶದಲ್ಲಿ ಮೊದಲಿಗೆ ಮಾಡಿತು ಎಂದು ಬೀಗುತ್ತದೆ. ಆ ನೀತಿಯ ಫಲ ತೋಟದ ಗೇಟಿನ ತನಕವೂ ಬಂದಿಲ್ಲ.

ಇದರ ಜೊತೆಗೆ ಡೀಸೆಲ್ಲಿನ ಕತ್ತರಿ ಬೇರೆ. 2024ರ ಜೂನಿನಲ್ಲಿ ಒಂದು ಸಲ, 2025ರ ಏಪ್ರಿಲಿನಲ್ಲಿ ಇನ್ನೊಂದು ಸಲ ರಾಜ್ಯ ಸರ್ಕಾರ ಡೀಸೆಲ್ ಮಾರಾಟ ತೆರಿಗೆ ಏರಿಸಿತು. ಎರಡನೇ ಸಲ 21.17 ಪರ್ಸೆಂಟಿಗೆ ಏರಿ ಬೆಂಗಳೂರಿನಲ್ಲಿ ಲೀಟರಿಗೆ 91 ರೂಪಾಯಿ ಆಯಿತು. ಆ ಕಡೆ ಡೀಸೆಲ್ ಏರಿಸಿ ದೂಡುವುದು, ಈ ಕಡೆ ಬ್ಯಾಟರಿಗೆ ಕೈ ಚಾಚಲಾಗದಷ್ಟು ಬೆಲೆ ಇಡುವುದು. ನಡುವೆ ನಿಂತವನು ಬಾಡಿಗೆ ಪಿಕಪ್ಪಿನವನಿಗೆ ಫೋನು ಮಾಡುತ್ತಾನೆ. ಅವನು ಡೀಸೆಲ್ ಏರಿದ್ದನ್ನೂ ಸೇರಿಸಿ ಬಾಡಿಗೆ ಹೇಳುತ್ತಾನೆ. ಅಡಿಕೆಯ ದರಕ್ಕೆ ಮಾತ್ರ ಯಾವುದನ್ನೂ ಸೇರಿಸುವ ಅಧಿಕಾರ ನಮಗಿಲ್ಲ.

ರಿಪೇರಿಯ ಮಾತನ್ನೂ ಬಿಡುವಂತಿಲ್ಲ. ಜೀಪು ನಿಂತರೆ ಊರಿನ ಮೆಕ್ಯಾನಿಕ್ಕು ಒಂದು ಸ್ಪಾನರು, ಒಂದು ತುಂಡು ವಯರು ಹಿಡಿದು ಬಂದು ಹೊರಡಿಸುತ್ತಾನೆ. ಬ್ಯಾಟರಿ ಗಾಡಿಯ ಚಲಿಸುವ ಭಾಗಗಳು ಕಡಿಮೆ, ಕೆಡುವುದೂ ಕಡಿಮೆ, ಆಯಿಲ್ ಬದಲಿಸುವ ಖರ್ಚಿಲ್ಲ. ಆದರೆ ಕೆಟ್ಟರೆ ಕಂಪನಿಯ ಕಂಪ್ಯೂಟರು ಬರಬೇಕು. ಕಂಪ್ಯೂಟರು ಇರುವುದು ಪೇಟೆಯಲ್ಲಿ. 2018ರ ಆಗಸ್ಟಿನಲ್ಲಿ ಶಿರಾಡಿ, ಸಂಪಾಜೆ ಎರಡೂ ಕುಸಿದವು. 2019ರಲ್ಲಿ ಚಾರ್ಮಾಡಿ ಕುಸಿಯಿತು. ಅಂಥ ದಿನ ತೋಟದ ಮಧ್ಯೆ ನಿಂತ ಗಾಡಿಯನ್ನು ಎಳೆದು ತರಲು ಯಾರು ಬರುತ್ತಾರೆ? ಮೂಲ ರಿಪೇರಿಯ ಮಾಹಿತಿಯನ್ನು ಹೊರಗಿನ ಮೆಕ್ಯಾನಿಕ್ಕಿಗೂ ಕೊಡಬೇಕು, ಊರಿನ ಐಟಿಐ ಹುಡುಗರಿಗೆ ಇದನ್ನು ಕಲಿಸಬೇಕು ಎಂಬುದು ನಮ್ಮ ಬೇಡಿಕೆಯಲ್ಲಿ ಸೇರಬೇಕು.

ರಸ್ತೆಯ ವಿಷಯ ಹೊಸದಾಗಿ ಹೇಳಬೇಕಾದ್ದಿಲ್ಲ. ಡಾಮರಿನ ತುದಿಯಿಂದ ತೋಟದ ತನಕದ ದಾರಿ ಯಾವ ಯೋಜನೆಯ ಪುಸ್ತಕದಲ್ಲೂ ಸರಿಯಾಗಿ ಬರುವುದಿಲ್ಲ. ಚಡಾವು ಇರುವಲ್ಲಿ ಎರಡು ಚಕ್ರದ ಸಾಲಿಗೆ ಮಾತ್ರ ಕಾಂಕ್ರೀಟು ಹಾಕಿ, ಬದಿಯಲ್ಲಿ ಕಣಿ ತೆಗೆದರೆ ಖರ್ಚು ಕಡಿಮೆ, ಗಾಡಿ ಯಾವುದಾದರೂ ಹತ್ತುತ್ತದೆ. ನಾಲ್ಕು ಚಕ್ರದ ಎಳೆತಕ್ಕೆ ಲಕ್ಷಗಟ್ಟಲೆ ಕೊಡುವ ಬದಲು ಹತ್ತು ಮನೆಯವರು ಸೇರಿ ಪಂಚಾಯತಿನ ಗ್ರಾಮಸಭೆಯಲ್ಲಿ ಇದನ್ನು ಬರೆಸುವುದು ಲೇಸು.

ಹಾಗಾದರೆ ಈಗ ಕೊಳ್ಳಬೇಕೇ ಎಂದು ಕೇಳುವವರಿಗೆ ನಮ್ಮ ಉತ್ತರ ನೇರ. ಮನೆಯ ತನಕ ಗಟ್ಟಿ ರಸ್ತೆ ಇದ್ದು, ಸ್ವಂತ ಕೆಲಸದ ಜೊತೆಗೆ ಹಾಲು, ತರಕಾರಿ, ಬಾಡಿಗೆ ಎಂದು ದಿನಕ್ಕೆ 40 ಕಿಲೋಮೀಟರಿಗೆ ಮೇಲೆ ಓಡಿಸುವವರು ಧೈರ್ಯವಾಗಿ ಕೊಳ್ಳಬಹುದು. ನಾಲ್ಕೈದು ಮನೆಯವರು ಕೂಡಿ ಒಂದೇ ಗಾಡಿ ಇಟ್ಟುಕೊಂಡರೂ ಕಿಲೋಮೀಟರು ತುಂಬುತ್ತದೆ. ಹಿಂದೆ ಔಷಧಿ ಪಂಪು ಹಾಗೆ ಇಟ್ಟುಕೊಂಡವರು ನಾವು. ತೋಡಿನಾಚೆ ಇರುವವರು, ವರ್ಷಕ್ಕೆ ಐದಾರು ಸಾವಿರ ಮಾತ್ರ ಓಡಿಸುವವರು, ಹಳೆಯ ಗಾಡಿಯನ್ನೇ ರಿಪೇರಿ ಮಾಡಿಕೊಂಡು ಕಾಯಲಿ. ಕೊಳ್ಳುವ ಮೊದಲು ಷೋರೂಮಿನವರಿಗೆ ಒಂದು ಶರ್ತ ಹಾಕಿ: ಗಾಡಿಯನ್ನು ನಿಮ್ಮ ಮನೆಗೆ ತರಬೇಕು, ನೀವು ಹೇರಿದ ಹೇರು ಹೊತ್ತು, ನಿಮ್ಮ ಚಡಾವನ್ನು, ಮಳೆ ಬಂದ ಮಾರನೇ ದಿನ ಹತ್ತಬೇಕು. ಮಧ್ಯದಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಬೇಕು. ಒಪ್ಪದಿದ್ದರೆ ಚಾ ಕುಡಿದು ಎದ್ದು ಬನ್ನಿ.

ಬ್ಯಾಟರಿ ಪಿಕಪ್ಪನ್ನು ಈಗಾಗಲೇ ಓಡಿಸುತ್ತಿರುವ ಓದುಗರು ಒಂದು ಉಪಕಾರ ಮಾಡಬೇಕು. ಜೂನಿನಿಂದ ಸೆಪ್ಟೆಂಬರಿನ ತನಕ ಪ್ರತಿ ವಾರ ಎಷ್ಟು ಕಿಲೋಮೀಟರ್ ಓಡಿತು, ಎಷ್ಟು ಯೂನಿಟ್ಟು ಹಿಡಿಯಿತು, ಹೇರು ಎಷ್ಟಿತ್ತು, ಎಲ್ಲಿ ಹೂತಿತು, ಹೇಗೆ ಎತ್ತಿದಿರಿ, ಷೋರೂಮಿನವರು ಎಷ್ಟು ದಿನಕ್ಕೆ ಬಂದರು ಎಂದು ಒಂದು ಹಳೆಯ ಡೈರಿಯಲ್ಲಿ ಬರೆದಿಟ್ಟು ಅಕ್ಟೋಬರಿನಲ್ಲಿ ನಮಗೆ ಕಳುಹಿಸಿ. ನಿಮ್ಮ ಹೆಸರು ಹಾಕದೆ ಆ ಲೆಕ್ಕವನ್ನು ಹಾಗೆಯೇ ಅಚ್ಚು ಹಾಕುತ್ತೇವೆ, ಒಂದು ಪ್ರತಿಯನ್ನು ಸಾರಿಗೆ ಮಂತ್ರಿಗಳಿಗೂ ಇನ್ನೊಂದನ್ನು ಕಂಪನಿಗಳಿಗೂ ಕಳುಹಿಸುತ್ತೇವೆ.